ನಿಸರ್ಗದ ಛಾಯಾಚಿತ್ರ: ತಿದ್ದಬೇಕೆ, ಇದ್ದಂತೆ ಬಿಡಬೇಕೆ?

ಹೊರನಾಡ ಕನ್ನಡಿಗರ ಮನೆಗಳಲ್ಲಿ ಗೋಡೆಯ ಕ್ಯಾಲೆಂಡರಿನಿಂದ ಹಿಡಿದು ಮೊಬೈಲಿನ ಪರದೆಯವರೆಗೆ ತಾಯ್ನಾಡಿನ ಒಂದಲ್ಲ ಒಂದು ನೋಟ ಇದ್ದೇ ಇರುತ್ತದೆ. ಜೋಗದ ಜಲಪಾತ, ಆಗುಂಬೆಯ ಸೂರ್ಯಾಸ್ತ, ಹಂಪಿಯ ಬಂಡೆಗಳು, ಮುಳ್ಳಯ್ಯನಗಿರಿಯ ಹುಲ್ಲುಗಾವಲು. ಮುಂಬಯಿ, ಪುಣೆ, ದೆಹಲಿಗಳಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಅನೇಕರು ಈ ತಾಣಗಳನ್ನು ಮೊದಲು ಅರಿಯುವುದು ಛಾಯಾಚಿತ್ರಗಳ ಮೂಲಕವೇ. ಆದುದರಿಂದಲೇ ಇರಬೇಕು, ಸಂಘ ಸಂಸ್ಥೆಗಳ ಛಾಯಾಚಿತ್ರ ಪ್ರದರ್ಶನಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಕೇಳಿಬರುತ್ತದೆ: ಈ ಜಾಗ ನಿಜವಾಗಿಯೂ ಹೀಗೆಯೇ ಇದೆಯೇ, ಇಲ್ಲವೇ ಇದೆಲ್ಲ ಕಂಪ್ಯೂಟರಿನಲ್ಲಿ ಮಾಡಿದ್ದೇ? ಛಾಯಾಗ್ರಾಹಕರಲ್ಲಿ ಒಂದು ಪಂಗಡ ತಿದ್ದುವುದೂ ಕಲೆಯೇ ಎನ್ನುತ್ತದೆ. ಇನ್ನೊಂದು ಪಂಗಡ, ಕ್ಯಾಮೆರಾದಿಂದ ಬಂದದ್ದನ್ನು ಮುಟ್ಟಕೂಡದು ಎನ್ನುತ್ತದೆ.

ಮುಟ್ಟಕೂಡದೆನ್ನುವವರ ವಾದದ ಹಿಂದೆ ಒಂದು ನಂಬಿಕೆಯಿದೆ. ಕ್ಯಾಮೆರಾ ಕಂಡದ್ದನ್ನು ಕಂಡಂತೆಯೇ ದಾಖಲಿಸುತ್ತದೆ, ಮನುಷ್ಯನ ಕೈ ಸೇರಿದ ಮೇಲೆ ಮಾತ್ರ ಅದು ಕೆಡುತ್ತದೆ ಎಂಬ ನಂಬಿಕೆ. ಇದು ಸರಿಯಲ್ಲ. ಡಿಜಿಟಲ್ ಕ್ಯಾಮೆರಾದ ಸಂವೇದಕದ ಮೇಲಿರುವ ಲಕ್ಷಾಂತರ ಬಿಂದುಗಳಲ್ಲಿ ಪ್ರತಿಯೊಂದೂ ಅಳೆಯುವುದು ಬೆಳಕಿನ ಪ್ರಮಾಣವನ್ನು ಮಾತ್ರ. ಬಣ್ಣ ಅದಕ್ಕೆ ತಿಳಿಯದು. ಅದಕ್ಕಾಗಿ ಒಂದೊಂದು ಬಿಂದುವಿನ ಮೇಲೂ ಕೆಂಪು, ಹಸಿರು ಅಥವಾ ನೀಲಿ ಬಣ್ಣದ ಒಂದು ಸೂಕ್ಷ್ಮ ಫಿಲ್ಟರನ್ನು ಕೂರಿಸಿರುತ್ತಾರೆ. ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ ರೂಪಿಸಿ, 1976ರಲ್ಲಿ ಪೇಟೆಂಟ್ ದೊರೆತ ಈ ಜೋಡಣೆಯಲ್ಲಿ ಅರ್ಧ ಬಿಂದುಗಳು ಹಸಿರಿಗೆ, ಉಳಿದರ್ಧ ಕೆಂಪು ಮತ್ತು ನೀಲಿಗೆ ಸಮನಾಗಿ ಮೀಸಲು. ಪ್ರತಿ ಬಿಂದುವಿನಲ್ಲೂ ಒಂದು ಬಣ್ಣದ ಅಳತೆ ನಿಜ. ಮಿಕ್ಕೆರಡನ್ನು ನೆರೆಯ ಬಿಂದುಗಳನ್ನು ನೋಡಿ ಲೆಕ್ಕಹಾಕಿ ತುಂಬಲಾಗುತ್ತದೆ. ಅಂದರೆ ನಾವು ನೋಡುವ ಯಾವುದೇ ವರ್ಣಚಿತ್ರದ ಮೂರನೆಯ ಎರಡು ಪಾಲು ಬಣ್ಣ ಊಹೆಯದು. ಬಲು ಚೆನ್ನಾದ ಊಹೆ, ನಿಜ, ಆದರೂ ಊಹೆಯೇ.

ಅಷ್ಟಕ್ಕೇ ಮುಗಿಯಲಿಲ್ಲ. ಬೆಳ್ಳಗಿನದು ಎಷ್ಟು ಬೆಳ್ಳಗಿರಬೇಕು, ಅಂಚುಗಳು ಎಷ್ಟು ಚೂಪಾಗಿರಬೇಕು, ಹಸಿರು ಎಷ್ಟು ಗಾಢವಾಗಿರಬೇಕು ಎಂಬುದನ್ನೆಲ್ಲ ಕ್ಯಾಮೆರಾದ ಒಳಗಿನ ತಂತ್ರಾಂಶ ತೀರ್ಮಾನಿಸಿ, ಜೆಪೆಗ್ ಎಂಬ ಸಿದ್ಧ ಚಿತ್ರವನ್ನು ನಮ್ಮ ಕೈಗಿಡುತ್ತದೆ. ಒಳ್ಳೆಯ ಕ್ಯಾಮೆರಾದ ಮೂಲ ಕಡತದಲ್ಲಿ, ಛಾಯಾಗ್ರಾಹಕರು ‘ರಾ’ ಎನ್ನುವ ಕಡತದಲ್ಲಿ, ಕತ್ತಲೆಯಿಂದ ಬೆಳಕಿನವರೆಗೆ 16,384 ಹಂತಗಳಿರಬಹುದು. ಜೆಪೆಗ್‌ನಲ್ಲಿ ಉಳಿಯುವುದು ಬಣ್ಣಕ್ಕೆ 256 ಹಂತ. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ಆಯ್ಕೆಯನ್ನು ಕ್ಯಾಮೆರಾ ತಯಾರಿಸಿದ ಎಂಜಿನಿಯರು ಮೊದಲೇ ಮಾಡಿಟ್ಟಿರುತ್ತಾನೆ. ತಿದ್ದದ ಚಿತ್ರ ಎಂದು ಹೆಮ್ಮೆಪಡುವವರು ತಿದ್ದುವ ಕೆಲಸವನ್ನು ಆ ಅಪರಿಚಿತನಿಗೆ ಒಪ್ಪಿಸಿದ್ದಾರೆ, ಅಷ್ಟೆ.

ಹಿಂದಿನ ಫಿಲ್ಮಿನ ಕಾಲವಾದರೂ ಶುದ್ಧವಾಗಿತ್ತು ಎನ್ನುವವರುಂಟು. ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಹತ್ತೊಂಬತ್ತನೆಯ ಶತಮಾನದ ಗಾಜಿನ ನೆಗೆಟಿವುಗಳು ನೀಲಿ ಬೆಳಕಿಗೆ ಅತಿಯಾಗಿ ಸ್ಪಂದಿಸುತ್ತಿದ್ದವು. ನೆಲವೋ ನೀರೋ ಸರಿಯಾಗಿ ಮೂಡುವಷ್ಟರಲ್ಲಿ ಆಕಾಶ ಬಿಳಿಯ ಹಾಳೆಯಂತಾಗಿ ಮೋಡಗಳೆಲ್ಲ ಅಳಿಸಿಹೋಗುತ್ತಿದ್ದವು. ಫ್ರಾನ್ಸಿನ ಗುಸ್ತಾವ್ ಲೆ ಗ್ರೇ ಇದಕ್ಕೊಂದು ಉಪಾಯ ಕಂಡುಕೊಂಡ. ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ತೆಗೆದು, ಕ್ಷಿತಿಜದ ಗೆರೆಯಲ್ಲಿ ಎರಡನ್ನೂ ಕೂಡಿಸಿ ಒಂದೇ ಹಾಳೆಯ ಮೇಲೆ ಮುದ್ರಿಸಿದ. 1857ರ ಸೆತ್ ಬಂದರಿನ ಹೆದ್ದೆರೆಯ ಚಿತ್ರ ಹಾಗೆ ಹುಟ್ಟಿದ್ದು. ಇಂದು ಕಂಪ್ಯೂಟರಿನಲ್ಲಿ ಆಕಾಶ ಬದಲಿಸುವವರಿಗೆ ಮೂಲಪುರುಷನೆಂದರೆ ಆತನೇ.

ಇನ್ನು ಅಮೆರಿಕದ ಆನ್ಸೆಲ್ ಆಡಮ್ಸ್. ನಿಸರ್ಗ ಛಾಯಾಗ್ರಹಣದ ಮಾತು ಬಂದಲ್ಲೆಲ್ಲ ಈತನ ಹೆಸರು ಬರುತ್ತದೆ. ನ್ಯೂ ಮೆಕ್ಸಿಕೋದ ಹರ್ನಾಂಡೆಸ್ ಎಂಬ ಹಳ್ಳಿಯ ಮೇಲೆ ಚಂದ್ರೋದಯವಾಗುತ್ತಿರುವ ಆತನ 1941ರ ಚಿತ್ರ ಜಗತ್ಪ್ರಸಿದ್ಧ. ದಾರಿಯಲ್ಲಿ ಹೋಗುತ್ತಿದ್ದವನು ಆ ನೋಟ ಕಂಡು ವಾಹನ ನಿಲ್ಲಿಸಿ, ಬೆಳಕಿನ ಮಾಪಕವೂ ಕೈಗೆ ಸಿಗದೆ, ಚಂದ್ರನ ಪ್ರಕಾಶ ಎಷ್ಟೆಂಬ ನೆನಪಿನ ಲೆಕ್ಕದಿಂದಲೇ ಕ್ಯಾಮೆರಾ ಹೊಂದಿಸಿದ್ದನಂತೆ. ಆ ನೆಗೆಟಿವನ್ನು ನೇರವಾಗಿ ಮುದ್ರಿಸಿದರೆ ಆಕಾಶ ಮಂಕಾದ ಬೂದುಬಣ್ಣ. ಅಲ್ಲಲ್ಲಿ ಮೋಡದ ಎಳೆಗಳು. 1948ರಲ್ಲಿ ಆತ ನೆಗೆಟಿವಿನ ಕೆಳಭಾಗವನ್ನು ರಾಸಾಯನಿಕಗಳಿಂದ ಗಟ್ಟಿಗೊಳಿಸಿದ. ಮುಂದಿನ ದಶಕಗಳಲ್ಲಿ ತೆಗೆದ ಪ್ರತಿಗಳಲ್ಲಿ ಆಕಾಶವನ್ನು ಕಪ್ಪಾಗಿಸುತ್ತ ಹೋದ. ಸಂಗೀತವನ್ನೂ ಕಲಿತಿದ್ದ ಆಡಮ್ಸ್, ನೆಗೆಟಿವನ್ನು ಸ್ವರಲಿಪಿಗೂ ಮುದ್ರಿತ ಪ್ರತಿಯನ್ನು ಕಛೇರಿಗೂ ಹೋಲಿಸುತ್ತಿದ್ದ. ಒಂದೇ ಕೀರ್ತನೆಯನ್ನು ಇಬ್ಬರು ವಿದ್ವಾಂಸರು ಒಂದೇ ತೆರನಾಗಿ ಹಾಡುವುದಿಲ್ಲವೆಂಬುದನ್ನು ಬಲ್ಲ ನಮಗೆ ಈ ಹೋಲಿಕೆಯನ್ನು ವಿವರಿಸಬೇಕಾಗಿಲ್ಲ.

ಆದರೆ ಅದೇ ಆಡಮ್ಸ್ ಇನ್ನೊಂದು ಕೆಲಸವನ್ನೂ ಮಾಡಿದ್ದಾನೆ. ಕ್ಯಾಲಿಫೋರ್ನಿಯಾದ ಲೋನ್ ಪೈನ್ ಎಂಬ ಊರಿನಿಂದ ಕಾಣುವ ಸಿಯೆರಾ ನೆವಾಡಾ ಪರ್ವತಗಳ ಸೂರ್ಯೋದಯವನ್ನು ಆತ 1944ರ ಸುಮಾರಿಗೆ ತೆಗೆದ. ಊರಿನ ಶಾಲೆಯ ಹುಡುಗರು ಎದುರಿನ ಗುಡ್ಡದ ಮೇಲೆ ಊರಿನ ಹೆಸರಿನ ಎರಡು ಪದಗಳ ಮೊದಲಕ್ಷರಗಳನ್ನು ಬಿಳಿಯ ಬಣ್ಣದಲ್ಲಿ ದೊಡ್ಡದಾಗಿ ಬರೆದಿಟ್ಟಿದ್ದರು. ಆಡಮ್ಸ್ ತನ್ನ ಚಿತ್ರದಿಂದ ಆ ಅಕ್ಷರಗಳನ್ನು ಅಳಿಸಿಹಾಕಿದ. ಅದನ್ನು ಆತ ಮುಚ್ಚಿಡಲೂ ಇಲ್ಲ. ತನ್ನ ಪುಸ್ತಕದಲ್ಲಿ ಬರೆದೂ ಇದ್ದಾನೆ. ಆದರೂ ಆಕಾಶವನ್ನು ಕಪ್ಪಾಗಿಸಿದ್ದು ಬೇರೆ, ಅಕ್ಷರ ಅಳಿಸಿದ್ದು ಬೇರೆ ಎಂದು ನಮಗೆ ತೋರುತ್ತದೆ. ಮೊದಲನೆಯದು ಅಲ್ಲಿದ್ದ ಬೆಳಕನ್ನು ಆತ ಅನುಭವಿಸಿದ ಬಗೆ. ಎರಡನೆಯದರಲ್ಲಿ ಅಲ್ಲಿದ್ದ ಒಂದು ವಸ್ತುವೇ ಇಲ್ಲವಾಯಿತು. ಚಿತ್ರ ನೋಡಿದವನು ಅದು ಮನುಷ್ಯರ ಸುಳಿವಿರುವ ಗುಡ್ಡವೆಂದು ತಿಳಿಯುವಂತಿಲ್ಲ.

ಬೆಳಕಿನ ತಿದ್ದುಪಡಿ, ವಸ್ತುವಿನ ತಿದ್ದುಪಡಿ ಎಂಬ ಈ ಭೇದವನ್ನು ಸ್ಪರ್ಧೆಗಳ ನಿಯಮಗಳೂ ಬಹುಮಟ್ಟಿಗೆ ಒಪ್ಪಿವೆ. ನಿಸರ್ಗ ಛಾಯಾಗ್ರಹಣಕ್ಕೆ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಯಾಪ್, ಅಮೆರಿಕದ ಛಾಯಾಗ್ರಾಹಕ ಸಂಘ ಹಾಗೂ ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ 2014ರಲ್ಲಿ ಒಂದು ಸಮಾನ ವ್ಯಾಖ್ಯೆಯನ್ನು ಒಪ್ಪಿಕೊಂಡವು. ಅದರಂತೆ ಚಿತ್ರದ ಅಂಚನ್ನು ಕತ್ತರಿಸುವುದನ್ನು ಬಿಟ್ಟರೆ, ಯಾವುದನ್ನೂ ಸೇರಿಸುವಂತಿಲ್ಲ, ತೆಗೆಯುವಂತಿಲ್ಲ, ಸ್ಥಳಾಂತರಿಸುವಂತಿಲ್ಲ. 2012ರಲ್ಲಿ ಬ್ರಿಟನ್ನಿನ ‘ವರ್ಷದ ಭೂದೃಶ್ಯ ಛಾಯಾಗ್ರಾಹಕ’ ಸ್ಪರ್ಧೆಯ ಪ್ರಥಮ ಬಹುಮಾನ ಲಿಂಡಿಸ್‌ಫಾರ್ನ್ ದ್ವೀಪದ ಹಳೆಯ ದೋಣಿಗಳ ಒಂದು ಚಿತ್ರಕ್ಕೆ ಸಂದಿತು. ಮೋಡಗಳನ್ನು ಬೇರೆಡೆಯಿಂದ ತಂದು ಸೇರಿಸಲಾಗಿದೆಯೆಂದು ಬಳಿಕ ಗೊತ್ತಾಗಿ ಬಹುಮಾನವನ್ನು ಹಿಂಪಡೆದರು. ಲೆ ಗ್ರೇ ಇಂದಿದ್ದರೆ ಆತನಿಗೂ ಇದೇ ಗತಿಯಾಗುತ್ತಿತ್ತೇನೋ! ಆದರೆ ಆತನಿಗೆ ಅನ್ಯ ಮಾರ್ಗವಿರಲಿಲ್ಲ. ಇಂದಿನವರಿಗೆ ಆ ನೆಪವಿಲ್ಲ.

ಇಷ್ಟಕ್ಕೂ ಒಂದು ಮೋಡದಿಂದ ಯಾರಿಗೇನು ನಷ್ಟ ಎಂದು ಕೇಳಬಹುದು. ಇಲ್ಲಿ ಜೋಗದ ಮಾತನ್ನು ಎತ್ತಬೇಕು. ಶರಾವತಿ 253 ಮೀಟರ್ ಆಳಕ್ಕೆ ಧುಮುಕುವ ಈ ತಾಣದ ಮೇಲ್ಗಡೆ, 1964ರಿಂದ ಲಿಂಗನಮಕ್ಕಿ ಅಣೆಕಟ್ಟು ನೀರನ್ನು ತಡೆದು ವಿದ್ಯುತ್ತಿಗೆ ತಿರುಗಿಸುತ್ತಿದೆ. ರಾಜ, ರೋರರ್, ರಾಕೆಟ್, ರಾಣಿ ನಾಲ್ಕೂ ಮೈದುಂಬಿ ಒಂದಾಗುವ ನೋಟ ಒಳ್ಳೆಯ ಮಳೆಗಾಲದಲ್ಲಿ, ಅದರಲ್ಲೂ ಅಣೆಕಟ್ಟಿನ ಬಾಗಿಲು ತೆರೆದಾಗ ಮಾತ್ರ ದೊರಕುವಂಥದು. ಬೇಸಗೆಯಲ್ಲಿ ಬಂಡೆಯ ಮೇಲೆ ಬೆಳ್ಳಿಯ ನೂಲಿನಂಥ ಧಾರೆಗಳು. ಮೇ ತಿಂಗಳ ರಜೆಯಲ್ಲಿ ಮುಂಬಯಿಯಿಂದ ಮಕ್ಕಳನ್ನು ಕಟ್ಟಿಕೊಂಡು ಹೋದವರು ನಿರಾಶರಾಗಿ ಮರಳುವುದು ಹೊಸದೇನಲ್ಲ. ಚಿತ್ರಗಳು ಸುಳ್ಳು ಹೇಳಿರಲಿಲ್ಲ. ತಿಂಗಳನ್ನು ಹೇಳಿರಲಿಲ್ಲ, ಅಷ್ಟೆ. ಬೇಸಗೆಯ ಚಿತ್ರಕ್ಕೆ ಕಂಪ್ಯೂಟರಿನಲ್ಲಿ ನೀರು ತುಂಬಿಸಿದರೆ ಕಥೆಯೇ ಬೇರೆ. ಆಗ ಅಣೆಕಟ್ಟಿಗಾಗಿ ಆ ಕಣಿವೆ ತೆತ್ತ ಬೆಲೆಯೂ ಚಿತ್ರದಿಂದ ಮಾಯವಾಗುತ್ತದೆ.

ಕುದುರೆಮುಖದ ನಿದರ್ಶನ ಇನ್ನೂ ಗಂಭೀರವಾದದ್ದು. ಅಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ನಿಂತಿತು. ಅದಕ್ಕೆ ಮುನ್ನ ನಡೆದ ಹೋರಾಟದಲ್ಲಿ ಗುಡ್ಡಗಳ ಕೆಂಪು ಗಾಯಗಳನ್ನೂ ಹೊಳೆಯಲ್ಲಿ ಹರಿದ ಹೂಳನ್ನೂ ಜನರ ಕಣ್ಣಿಗೆ ತಂದದ್ದು ಕ್ಯಾಮೆರಾ. ಚೆನ್ನೈಯ ಶೇಖರ್ ದತ್ತಾತ್ರಿ 2001ರಲ್ಲಿ ತೆಗೆದ ಸಾಕ್ಷ್ಯಚಿತ್ರ ಈ ದೃಷ್ಟಿಯಿಂದ ನೆನೆಯತಕ್ಕದ್ದು. ಅದೇ ಕಾಲದಲ್ಲಿ ಅದೇ ಬೆಟ್ಟಸಾಲಿನ ಸುಂದರ ಚಿತ್ರ ತೆಗೆದವನೊಬ್ಬ, ಅಂದಗೆಡಿಸುತ್ತಿದೆಯೆಂದು ಗಣಿಯ ಗಾಯವನ್ನು ಅಳಿಸಿ ಹುಲ್ಲು ಹೊದಿಸಿದ್ದರೆ? ಅವನ ಉದ್ದೇಶ ಸೌಂದರ್ಯವೇ ಆಗಿದ್ದರೂ ಚಿತ್ರ ಗಣಿಯ ಪರವಾಗಿಯೇ ಸಾಕ್ಷಿ ನುಡಿಯುತ್ತಿತ್ತು. ವಿದ್ಯುತ್ ತಂತಿ, ಮೊಬೈಲ್ ಗೋಪುರ, ದಡದ ಪ್ಲಾಸ್ಟಿಕ್ ಚೀಲ ಮೊದಲಾದ ಸಣ್ಣಪುಟ್ಟವನ್ನು ಅಳಿಸುವುದನ್ನು ನಾವು ಅನುಮಾನದಿಂದ ನೋಡುವುದು ಇದೇ ಕಾರಣಕ್ಕೆ. ತಂತಿ ಬೇಡವೆನಿಸಿದರೆ ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ತೆಗೆಯುವ ಹಳೆಯ ವಿದ್ಯೆ ಇದ್ದೇ ಇದೆ.

ಬಣ್ಣದ ವಿಷಯದಲ್ಲಿ ನಾವು ಅಷ್ಟು ಕಟ್ಟುನಿಟ್ಟಲ್ಲ. ಮಳೆಗಾಲದ ಮಲೆನಾಡಿನಲ್ಲಿ ಕಣ್ಣು ಮೋಡವನ್ನೂ ಕಾಣುತ್ತದೆ, ಕಾಡಿನೊಳಗಿನ ನೆರಳನ್ನೂ ಕಾಣುತ್ತದೆ. ಕ್ಯಾಮೆರಾ ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡುತ್ತದೆ. ನೆರಳನ್ನು ತುಸು ಎತ್ತಿ ಆಕಾಶವನ್ನು ತುಸು ಇಳಿಸಿದರೆ ಚಿತ್ರ ಕಣ್ಣಿಗೆ ಹತ್ತಿರವಾಗುತ್ತದೆ. ಜಲಪಾತವನ್ನು ಒಂದು ಸೆಕೆಂಡಿನಷ್ಟು ಕಾಲ ಹಿಡಿದು ಹಾಲಿನ ಪರದೆಯಂತೆ ತೋರಿಸುವ ಚಿತ್ರಗಳನ್ನು ಯಾರೂ ಕೃತಕವೆನ್ನುವುದಿಲ್ಲ, ಅಂಥ ನೀರನ್ನು ಯಾವ ಕಣ್ಣೂ ಕಂಡಿಲ್ಲದಿದ್ದರೂ! ಆದರೆ ಭತ್ತದ ಗದ್ದೆ ಗಿಳಿಹಸಿರಿಗೂ ಮೀರಿ ಉರಿಯತೊಡಗಿದರೆ, ಆಗುಂಬೆಯ ಸಂಜೆ ಕುಂಕುಮ ಕಲಸಿದಂತಾದರೆ, ಅದು ಬರೀ ಅಭಿರುಚಿಯ ದೋಷ. ಅದಕ್ಕೆ ನಿಯಮ ಬೇಕಿಲ್ಲ.

ಈಗ ತೊಡಕು ಬೇರೆ ಕಡೆಯಿಂದ ಬಂದಿದೆ. ಆಕಾಶವನ್ನು ಒಂದೇ ಗುಂಡಿಯಲ್ಲಿ ಬದಲಿಸುವ ಸೌಲಭ್ಯ ಫೋಟೋಶಾಪಿಗೆ 2020ರಲ್ಲಿ ಬಂತು. ಇಲ್ಲದ್ದನ್ನು ಬರೆಹದ ಸೂಚನೆಯಿಂದಲೇ ಸೃಷ್ಟಿಸಿ ತುಂಬುವ ಸೌಲಭ್ಯ 2023ರಲ್ಲಿ. ಮೊಬೈಲುಗಳಂತೂ ನಮ್ಮನ್ನು ಕೇಳದೆಯೇ ಹಲವು ಚಿತ್ರಗಳನ್ನು ತೆಗೆದು ಒಂದಾಗಿ ಹೆಣೆಯುತ್ತವೆ. ಇದಕ್ಕೆ ಪ್ರತಿಯಾಗಿ, ಚಿತ್ರ ತೆಗೆದ ಕ್ಷಣದಿಂದ ಅದಕ್ಕೇನೇನು ಮಾಡಲಾಯಿತೆಂಬ ವಿವರವನ್ನು ಕಡತದೊಳಗೇ ಮೊಹರು ಮಾಡಿಡುವ ಏರ್ಪಾಡು ಹುಟ್ಟಿಕೊಂಡಿದೆ. 2023ರಲ್ಲಿ ಲೈಕಾ ಕಂಪನಿ ಅದನ್ನು ಮೊದಲ ಬಾರಿಗೆ ಕ್ಯಾಮೆರಾದಲ್ಲಿ ಅಳವಡಿಸಿತು. ಆದರೆ ಅದು ಎಲ್ಲರ ಕೈಗೆಟುಕುವ ಬೆಲೆಯದಲ್ಲ.

ನಮ್ಮ ಹವ್ಯಾಸಿಗಳು ಕಾಸಿಲ್ಲದೆ ಮಾಡಬಹುದಾದದ್ದೂ ಉಂಟು. ಮೂಲ ಕಡತವನ್ನು ಅಳಿಸದೆ ಕಾಪಾಡುವುದು. ಚಿತ್ರದ ಕೆಳಗೆ ಊರಿನ ಹೆಸರಿನೊಂದಿಗೆ ತಿಂಗಳು, ವರ್ಷಗಳನ್ನು ಬರೆಯುವುದು. ಏನನ್ನಾದರೂ ಸೇರಿಸಿದ್ದರೆ, ತೆಗೆದಿದ್ದರೆ, ‘ರಚಿತ ಚಿತ್ರ’ ಎಂದು ಅಲ್ಲಿಯೇ ಒಂದು ಮಾತು ಸೇರಿಸುವುದು. ಪ್ರದರ್ಶನ ಏರ್ಪಡಿಸುವವರು ಅಂಥವಕ್ಕೆ ಪ್ರತ್ಯೇಕ ವಿಭಾಗವನ್ನೇ ತೆರೆದರೆ ಕಲ್ಪನಾಶೀಲರಿಗೂ ಅನ್ಯಾಯವಾಗದು. ತೀರ್ಪುಗಾರರ ಮುಂದೆ ಮೂಲ ಕಡತವನ್ನು ತೆರೆದು ತೋರಿಸಬೇಕಾದ ವಿಭಾಗ ಯಾವುದು, ಬೇಕಾಗಿಲ್ಲದ್ದು ಯಾವುದು ಎಂಬುದೂ ಪ್ರವೇಶಪತ್ರ ತುಂಬುವಾಗಲೇ ಎಲ್ಲರಿಗೂ ತಿಳಿದಿರುತ್ತದೆ.