ತಾಟಿನ ಕೆಳಗೊಂದು ಕೌದಿ

ಕೌದಿಗೂ ಹಸಿವಾಗುತ್ತದೆ ಎಂದು ನಂಬಿದ ಮನೆ ನಮ್ಮದು. ನಾಲ್ಕೂ ಅಂಚಿನಿಂದ ಹೊಲಿಯುತ್ತ ಹೊಲಿಯುತ್ತ ನಡುವಿಗೆ ಬಂದು, ಇನ್ನು ಅಂಗೈ ಅಗಲದ ಜಾಗ ಉಳಿದಿದೆ ಅನ್ನುವಾಗ ಅಜ್ಜಿ ಸೂಜಿ ಚುಚ್ಚಿಟ್ಟು ಅಡುಗೆಮನೆಗೆ ಹೋಗುತ್ತಿದ್ದಳು. ಬರುವಾಗ ಕೈಯಲ್ಲಿ ಜೋಳದ ರೊಟ್ಟಿಯ ಚೂರು, ನಾಲ್ಕು ಕಾಳು ಅಕ್ಕಿ. ಅವನ್ನು ಪದರಗಳ ನಡುವೆ ಇಟ್ಟು, ಮೇಲೊಂದು ಚೌಕದ ತುಂಡು ಮುಚ್ಚಿ ಹೊಲಿದರೆ ಕೌದಿ ಮುಗಿದಂತೆ. "ಹೊಟ್ಟಿ ಹಸದ ಕೌದಿ ಹೊದ್ಕಂಡ್ರೆ ನಿದ್ದಿ ಹತ್ತಲ್ಲ" ಅನ್ನುತ್ತಿದ್ದಳು. ಇಲಿ ಬಂದು ಸರಿಯಾಗಿ ಆ ಜಾಗವನ್ನೇ ಕಡಿದು ಹೋದದ್ದೂ ಉಂಟು. ಅದನ್ನು ಅಜ್ಜಿ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ರಾರಾವಿ ಸಿರುಗುಪ್ಪ ತಾಲ್ಲೂಕಿನ ಊರು. ವೇದಾವತಿಯ ದಂಡೆ, ನಮ್ಮ ಬಾಯಲ್ಲಿ ಅದು ಹಗರಿ. ಸಿರುಗುಪ್ಪದಿಂದ ಆದವಾನಿಗೆ ಹೋಗುವವರಿಗೆಲ್ಲ ನಮ್ಮೂರು ಗೊತ್ತು. 1953ರ ಅಕ್ಟೋಬರ್ 1ರವರೆಗೆ ಆದವಾನಿಯೂ ಬಳ್ಳಾರಿ ಜಿಲ್ಲೆಯದೇ. ಅಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು, ನಾವು ಮೈಸೂರು ರಾಜ್ಯಕ್ಕೆ ಬಂದೆವು. ಗಡಿ ಬಿದ್ದರೂ ಹೆಣ್ಣು ಕೊಟ್ಟು ತರುವುದು, ಹತ್ತಿ ಮಾರುವುದು ನಿಲ್ಲಲಿಲ್ಲ. ಆ ಕಡೆಯಿಂದ ಬಂದ ಸೊಸೆ 'ಬೊಂತ' ಅನ್ನುತ್ತಾಳೆ, ಈ ಕಡೆಯ ಅತ್ತೆ 'ಕೌದಿ' ಅನ್ನುತ್ತಾಳೆ. ಇಬ್ಬರೂ ಹೊದೆಯುವುದು ಒಂದನ್ನೇ. ಮರಾಠಿಯವರಿಗೆ ಅದು ಗೋಧಡಿ, ಬಂಗಾಳಿಗಳಿಗೆ ಕಾಂಥಾ. ಜೋಗಿಯ ಮೈಮೇಲಿನ ತೇಪೆಬಟ್ಟೆಗೆ ನಮ್ಮವರು 'ಕಂಥೆ' ಎಂದದ್ದೂ ಅದೇ ನೆಂಟಸ್ತಿಕೆಯ ಮಾತು.

ಬೇಸಿಗೆ, ಕಡುಬೇಸಿಗೆ ಎಂಬ ಎರಡೇ ಕಾಲ ಇರುವ ಜಿಲ್ಲೆಗೆ ಕೌದಿ ಯಾಕೆ ಎಂದು ಮಲೆನಾಡಿನ ಗೆಳತಿಯೊಬ್ಬಳು ಕೇಳಿದ್ದಳು. ಹೊದೆಯುವುದಕ್ಕಿಂತ ಹಾಸುವುದಕ್ಕೇ ಅದು ಹೆಚ್ಚು. ಬಾಣಂತಿಯ ಮಂಚಕ್ಕೆ, ಕೂಸಿನ ಕೆಳಗೆ, ಬಂಡಿಯ ಹುಲ್ಲಿನ ಮೇಲೆ, ಕಣ ಕಾಯಲು ಹೋದವನ ಬೆನ್ನಡಿಗೆ, ಬಂದ ಬೀಗರನ್ನು ಕೂರಿಸಲು. ಹಳೆಯ ನೂಲಿನ ಸೀರೆ ಮೂರೋ ನಾಲ್ಕೋ, ಒಳಗೆ ಸವೆದ ಧೋತರ, ಹರಿದ ಜಾಗಕ್ಕೆಲ್ಲ ಬೇರೆ ಬೇರೆ ಬಣ್ಣದ ತುಂಡು. ಅಂಗಳದಲ್ಲಿ ಹಾಸಿ, ಮೂಲೆಗೆ ಕಲ್ಲು ಹೇರಿ, ಸುತ್ತ ನಾಲ್ಕು ಹೆಂಗಸರು ಕೂತರೆ ಊರಿನ ಸುದ್ದಿಯೆಲ್ಲ ಅದರೊಳಗೆ ಹೊಲಿದುಹೋಗುತ್ತಿತ್ತು. ಗದಗ, ಧಾರವಾಡದ ಕಡೆ ಗೊಂದಲಿಗರ ಹೆಂಗಸರು ಕೌದಿ ಹೊಲಿದುಕೊಡುವುದನ್ನೇ ಕಸುಬಾಗಿ ಮಾಡಿಕೊಂಡಿದ್ದಾರೆ. ನಮ್ಮ ಓಣಿಯಲ್ಲಿ ಕೂಲಿ ಕೊಟ್ಟು ಹೊಲಿಸಿದ ನೆನಪು ನನಗಿಲ್ಲ, ಮುಯ್ಯಿಗೆ ಮುಯ್ಯಿ.

ಈಗ ಅಂಗಳ ಸಿಮೆಂಟಾಗಿದೆ, ಸೀರೆ ಪಾಲಿಯೆಸ್ಟರ್ ಆಗಿದೆ, ನಾಲ್ಕು ಹೆಂಗಸರು ಒಂದೇ ಮಧ್ಯಾಹ್ನ ಬಿಡುವಾಗಿ ಸಿಗುವುದು ಅಮಾವಾಸ್ಯೆಗೋ ಹುಣ್ಣಿಮೆಗೋ. ಆರಡಿ ಉದ್ದದ ಕೌದಿಗೆ ಒಬ್ಬಳೇ ಕೂತರೆ ತಿಂಗಳುಗಟ್ಟಲೆ ಬೇಕು. ಕೌದಿಯನ್ನು ಸೋಲಿಸಿದ್ದು ಬ್ಲ್ಯಾಂಕೆಟ್ಟಲ್ಲ, ಅದರದೇ ಗಾತ್ರ ಎಂದು ನನ್ನ ಅನುಮಾನ. ಹಾಗಾದರೆ ಗಾತ್ರವನ್ನೇ ಇಳಿಸಿದರೆ? ಒಂದು ತಾಟು, ಒಂದು ಲೋಟ ಕೂರುವಷ್ಟು ಕೌದಿ ಸಾಕು ಅನ್ನುವಷ್ಟಕ್ಕೆ?

ತಾಟಿಗೆ ಒಂದು ಆಸನ ಬೇಕೆಂಬುದು ನಮಗೆ ಹೊಸದಲ್ಲ. ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿ ಅಡ್ಡಣಿಗೆ ಇತ್ತು. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತವನ ಮುಂದೆ ಗೇಣೆತ್ತರದ ಪೀಠ, ಅದರ ಮೇಲೆ ತಾಟು. ಕೂತವನಿಗೆ ಮಣೆ, ಅನ್ನಕ್ಕೆ ಅಡ್ಡಣಿಗೆ. ಹಿರಿಯರಿಗೆ, ಅಯ್ಯನವರಿಗೆ, ಅಳಿಯನಿಗೆ ಅದು ಬಂತೆಂದರೆ ಮರ್ಯಾದೆ ಬಂತೆಂದು ಅರ್ಥ. ನಮಗೆ ಮಕ್ಕಳಿಗೆ ನೆಲವೇ ಗತಿ. ಆಮೇಲೆ ಊಟದ ಮೇಜು ಬಂತು. ಮೊಣಕಾಲು ನೋವು ಅದನ್ನು ಒಳಗೆ ಕರೆದುಕೊಂಡು ಬಂದದ್ದು, ಫ್ಯಾಷನ್ನಲ್ಲ. ಮೇಜಿನ ಬೆನ್ನಿಗೇ ಅದರ ಮೇಲೆ ಹಾಸುವ ಪ್ಲಾಸ್ಟಿಕ್ ಮ್ಯಾಟೂ ಬಂತು: ಹಣ್ಣಿನ ಬುಟ್ಟಿಯ ಚಿತ್ರ, ಬಿಸಿ ಸಾರಿನ ಬೋಗುಣಿ ಇಟ್ಟರೆ ಉಬ್ಬುವ ಮೈ. ಅಂಥ ಆರನ್ನು ಎಸೆದ ದಿನ ನಾನು ಸೂಜಿ ಹಿಡಿದೆ.

ಮೊದಲ ತಕರಾರು ಅವ್ವನದು. "ಉಟ್ಟು ಬಿಟ್ಟ ಸೀರಿ ಮ್ಯಾಲೆ ತಾಟಿಟ್ಟು ಉಣ್ತೀರೇನೇ?" ಪ್ರಶ್ನೆ ಸಣ್ಣದಲ್ಲ. ಮೈಗೆ ಹತ್ತಿದ ಬಟ್ಟೆ ಮಲಗಲು ಸರಿ, ಕೂಸಿಗೆ ಸರಿ, ಅದರಲ್ಲಿ ಅಜ್ಜಿಯ ಬೆವರಿನ ವಾಸನೆ ಇದ್ದರೆ ಇನ್ನೂ ಸರಿ. ಆದರೆ ಅನ್ನದ ಕೆಳಗೆ ಅದು ಬರಬಾರದು. ಮುಸುರೆ, ಮಡಿ ಎಂದು ನಾವು ನಕ್ಕುಬಿಡಬಹುದು. ಅವಳ ಲೆಕ್ಕದಲ್ಲಿ ಬಟ್ಟೆಗೂ ಒಂದು ನಡತೆ ಇದೆ.

ದಾರಿ ತೋರಿಸಿದವಳೂ ಅವಳೇ. ಟ್ರಂಕು ತೆಗೆದು ಉಡಿ ತುಂಬಿದಾಗ ಬಂದ ಕುಪ್ಪಸದ ಕಣಗಳ ಗಂಟನ್ನು ನನ್ನ ಮುಂದೆ ಸುರಿದಳು. ಇದು ಪ್ರತಿ ಮನೆಯಲ್ಲೂ ಇರುವ ಸಂಪತ್ತು. ಸೀಮಂತಕ್ಕೆ ಕೊಟ್ಟದ್ದು, ಗೃಹಪ್ರವೇಶಕ್ಕೆ ಕೊಟ್ಟದ್ದು, ಯಾರೂ ಹೊಲಿಸಿಕೊಳ್ಳದೆ ಇನ್ನೊಬ್ಬರ ಉಡಿಗೆ ದಾಟಿಸುವಂಥದ್ದು. ನಾವು ಆದವಾನಿಯ ನೆಂಟರಿಗೆ ಕೊಟ್ಟ ಒಂದು ಹಸಿರು ಕಣ ಮೂರು ವರ್ಷ ಊರೂರು ತಿರುಗಿ ನಮ್ಮ ಮನೆಗೇ ಬಂದು ಸೇರಿತ್ತು. ಯಾರೂ ತೊಡದ ಬಟ್ಟೆ, ಅದೂ ಅಕ್ಕಿ ಕೊಬ್ಬರಿಯ ಜೊತೆ ಮಡಿಲಿಗೆ ಬಿದ್ದದ್ದು. ಅನ್ನದ ಕೆಳಗೆ ಇದಕ್ಕಿಂತ ಯೋಗ್ಯವಾದದ್ದು ಬೇಕೆ? ಒಳಪದರಕ್ಕೆ ಹಾಕುವ ಹಳೆಯ ಧೋತರದ ಬಗ್ಗೆ ಅವಳು ಸುಮ್ಮನಾದಳು. ಕಾಣದ್ದು ಮೈಲಿಗೆಯಲ್ಲವೆಂದು ಕಾಣುತ್ತದೆ.

ಕಣಗಳಲ್ಲಿ ಒಂದು ಮೋಸವಿದೆ. ನೋಡಲು ನೂಲು, ಒಳಗೆ ಪಾಲಿಯೆಸ್ಟರ್. ಅಂಚಿನಿಂದ ಒಂದೆಳೆ ಕಿತ್ತು ಕಡ್ಡಿ ಗೀರಿ ನೋಡಬೇಕು. ನೂಲಾದರೆ ಕಾಗದದಂತೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಕರಗುವ ಬಟ್ಟೆಯ ಮೇಲೆ ಒಲೆಯಿಂದ ಇಳಿಸಿದ ಪಾತ್ರೆ ಇಡುವುದು ಬೇಡ. ನೂಲಿನದನ್ನೂ ಹೊಲಿಯುವ ಮೊದಲು ಬಿಸಿನೀರಲ್ಲಿ ಒಗೆದು ಒಣಗಿಸಿಕೊಳ್ಳಬೇಕು. ಹೊಸ ಬಟ್ಟೆ ಕುಗ್ಗುತ್ತದೆ, ಹಳೆಯದು ಎಂದೋ ಕುಗ್ಗಿ ಮುಗಿಸಿರುತ್ತದೆ. ಎರಡನ್ನೂ ಹಾಗೇ ಸೇರಿಸಿ ಹೊಲಿದರೆ ಮೊದಲ ಒಗೆತಕ್ಕೇ ಹಾಸು ಸುಟ್ಟ ಹಪ್ಪಳದಂತೆ ಸೊಟ್ಟಗಾಗುತ್ತದೆ. ನನ್ನ ಮೊದಲ ಎರಡು ಹಾಗೇ ಆದವು. ಈಗ ಅವು ಕುಕ್ಕರ್ ಇಳಿಸುವ ಮಸಿಬಟ್ಟೆ.

ಅಳತೆಯಲ್ಲೂ ನಾನು ಎಡವಿದೆ. ಅಂಗಡಿಯ ಮ್ಯಾಟುಗಳು ಸಾಮಾನ್ಯವಾಗಿ ಒಂದಡಿ ಅಗಲ, ಒಂದೂವರೆ ಅಡಿ ಉದ್ದ. ಅದು ಪಿಂಗಾಣಿ ತಟ್ಟೆಯ ಪಕ್ಕ ಚಮಚ ಜೋಡಿಸುವವರ ಅಳತೆ. ನಮ್ಮ ತಾಟು ದೊಡ್ಡದು, ಅದರ ಅಂಚಿನಿಂದ ರೊಟ್ಟಿ ಹೊರಗೆ ಇಣುಕುತ್ತದೆ, ಪಕ್ಕದಲ್ಲಿ ಮಜ್ಜಿಗೆ ಲೋಟ, ಪುಂಡಿಪಲ್ಯದ ಬಟ್ಟಲು. ಹದಿನಾಲ್ಕು ಇಂಚಿಗೆ ಹತ್ತೊಂಬತ್ತು ಇಂಚು ಇದ್ದರೆ ಎಲ್ಲ ಒಳಗೇ ಕೂರುತ್ತವೆ.

ಹೊಲಿಯುವ ಕ್ರಮಕ್ಕೆ ಮಾತ್ರ ನಾನು ನಮ್ಮೂರನ್ನು ಬಿಟ್ಟು ಉತ್ತರ ಕನ್ನಡಕ್ಕೆ ಹೋದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿರುವ ಸಿದ್ದಿಯರ ಕೌದಿ ಬೇರೆಯೇ ಜಾಣತನದ್ದು. ಎಲ್ಲ ಪದರ ಜೋಡಿಸಿಕೊಂಡು ಆಮೇಲೆ ಹೊಲಿಯುವುದಿಲ್ಲ ಅವರು. ಕೆಳಗೆ ಒಂದು ಸೀರೆ ಹಾಸಿ, ಒಂದು ಮೂಲೆಯಿಂದ ಹೊರಟು, ತುಂಡಿನ ಅಂಚು ಮಡಚುತ್ತ, ಒಂದರ ಮೇಲೊಂದು ಏರಿಸುತ್ತ, ಸುತ್ತು ಹಾಕುತ್ತ ನಡುವಿಗೆ ಬರುತ್ತಾರೆ. ಹಾಗಾಗಿ ಸುತ್ತಲೂ ಬೇರೆ ಪಟ್ಟಿ ಕೊಟ್ಟು ಮುಚ್ಚುವ ಕೆಲಸವೇ ಇಲ್ಲ. ನಾಲ್ಕು ಮೂಲೆಗೆ ಬಟ್ಟೆ ಮಡಚಿ ಮಾಡಿದ ಪುಟ್ಟ 'ಫುಲಾ'. ಅದಿಲ್ಲದ ಕೌದಿ ಅವರ ಕಣ್ಣಿಗೆ ಬರಿಮೈ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂಅಲ್ ಆಫ್ರಿಕಾ ಮೂಲದ ಈ ಜನರನ್ನು ಅರಸಿ ಬಂದವರು ಕೌದಿಯ ಮುಂದೆ ನಿಂತುಬಿಟ್ಟರು. 2011ರಲ್ಲಿ ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿರುವ ಷೋಂಬರ್ಗ್ ಕೇಂದ್ರದ ಗೋಡೆಗಳ ಮೇಲೆ ಸಿದ್ದಿ ಹೆಂಗಸರ ಕೌದಿಗಳು ತೂಗಿದವು. ಕ್ಯಾಲಿಫೋರ್ನಿಯಾದ ಕಲಾವಿದೆ ಮಾರ್ಗರೆಟ್ ಫ್ಯಾಬ್ರಿಝಿಯೊ ಸಿದ್ದಿಯರಿಂದ ಕಲಿತು ತಮ್ಮವರಿಗೆ ಕಲಿಸಿದರು. ಇವತ್ತು ಅಮೆರಿಕದಲ್ಲಿ ಕ್ವಿಲ್ಟ್ ಹೊಲಿಯುವವರು 'ಕವಂದಿ' ಎಂದು ಕರೆದು ಇದೇ ಕ್ರಮದಲ್ಲಿ ತಟ್ಟೆ, ಕಾಫಿ ಲೋಟ ಇಡುವ ಪುಟ್ಟ ಹಾಸುಗಳನ್ನು ಮಾಡುತ್ತಾರೆ. ಯಲ್ಲಾಪುರದ ಕೌದಿ ಅಲ್ಲಿಯ ಊಟದ ಮೇಜು ಹತ್ತಿ ಕೂತ ಮೇಲೂ ರಾರಾವಿಯ ಮೇಜಿನ ಮೇಲೆ ಪ್ಲಾಸ್ಟಿಕ್ ಹಣ್ಣಿನ ಬುಟ್ಟಿಯೇ ಇತ್ತು.

ಹೊಲಿಗೆ ಎಲ್ಲರಿಗೂ ಬರುವಂಥದ್ದೇ. ಸೂಜಿ ಮುಳುಗಿ ಏಳುವ ಸಾದಾ ಹೊಲಿಗೆ. ಟೇಲರಿಂಗ್ ಕಲಿತವರ ರನ್ನಿಂಗ್ ಸ್ಟಿಚ್. ಸಾಲಿನಿಂದ ಸಾಲಿಗೆ ಕಿರುಬೆರಳಿನ ಅಂತರ. ಹೊಲಿಗೆ ಎಷ್ಟು ಒತ್ತಾದರೆ ಹಾಸು ಅಷ್ಟು ಗಟ್ಟಿ, ಆದರೆ ತೀರ ಒತ್ತಾದರೆ ಹಲಗೆಯಾಗುತ್ತದೆ. ದಬ್ಬಣ ಬೇಡ, ಅದು ಬಟ್ಟೆಗೆ ಕಣ್ಣು ಬಿಡುತ್ತದೆ. ಉದ್ದನೆಯ ಸೂಜಿ, ಬೆರಳಿಗೆ ಅಂಗುಸ್ತಾನ. ದಾರವನ್ನು ಒಂದು ಮೊಳಕ್ಕಿಂತ ಹೆಚ್ಚು ಕೋಯಬಾರದು, ಗಂಟು ಬೀಳುತ್ತದೆ. ನಾಲ್ಕು ಪದರ ಸಾಕು: ಕೆಳಗೊಂದು, ನಡುವೆ ಎರಡು, ಮೇಲೆ ತುಂಡುಗಳ ಚಿತ್ತಾರ.

ತುಂಡು ಕಡಿಮೆ ಬಿದ್ದಾಗ ನಮ್ಮ ಜಿಲ್ಲೆಗೆ ಚಿಂತೆಯಿಲ್ಲ. ಬಳ್ಳಾರಿ ಎಂದರೆ ಜೀನ್ಸ್. ಮನೆ ಮನೆಯ ಹೊಲಿಗೆ ಯಂತ್ರದಿಂದ ದೊಡ್ಡ ಘಟಕಗಳವರೆಗೆ ಕತ್ತರಿಸಿ ಬಿದ್ದ ನೀಲಿ ಚಿಂದಿಗೆ ಕೊನೆಯಿಲ್ಲ. ಡೆನಿಮ್ ತುಂಡನ್ನು ಕೆಳಪದರಕ್ಕೆ ಹಾಕಿದರೆ ಹಾಸು ಜಾರುವುದಿಲ್ಲ, ಬಿಸಿಯೂ ತಡೆಯುತ್ತದೆ. ಎರಡು ಮಾತು ನೆನಪಿಡಬೇಕು: ಅದು ಬಣ್ಣ ಬಿಡುತ್ತದೆ, ಮೊದಲೆರಡು ಸಲ ಬೇರೆಯೇ ಒಗೆಯಬೇಕು, ಮತ್ತು ಮಡಿಕೆಯ ಮೇಲೆ ಮಡಿಕೆ ಬಂದ ಕಡೆ ಸೂಜಿ ಮುರಿಯುತ್ತದೆ, ಬೆರಳಲ್ಲ, ಪುಣ್ಯಕ್ಕೆ.

ಇದೇ ಜಿಲ್ಲೆಯ ಸಂಡೂರಿನಲ್ಲಿ ಕೈಹೊಲಿಗೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಸಾಕ್ಷಿಯಿದೆ. 1980ರ ದಶಕದಲ್ಲಿ ಶುರುವಾದ ಸಂಡೂರು ಕುಶಲ ಕಲಾ ಕೇಂದ್ರ ಲಂಬಾಣಿ ಹೆಂಗಸರ ಕಸೂತಿಯನ್ನು ತಾಂಡಾದಿಂದ ಹೊರಗೆ ತಂದಿತು. 2010ರಲ್ಲಿ ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು ಸಿಕ್ಕಿತು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಕುಶಲಕರ್ಮಿಗಳು ಮಾಡಿದ 1,755 ವಸ್ತುಗಳನ್ನು ಒಟ್ಟಿಗೆ ಇಟ್ಟು ಗಿನ್ನೆಸ್ ದಾಖಲೆಯೂ ಆಯಿತು. ಲಂಬಾಣಿಯರು ಹೆಸರಿಡುವ ಹೊಲಿಗೆಗಳ ಪಟ್ಟಿಯಲ್ಲಿ ಕಿಲನ್, ವೇಲೆ, ಬಕ್ಯಾ, ಮಾಕಿಗಳ ಜೊತೆ 'ಕೌದಿ' ಎಂಬುದೂ ಒಂದು! ಅವರ ಕೌದಿ ಅಲಂಕಾರಕ್ಕೆ ಹೊರಟು ಹೆಸರು ಮಾಡಿತು. ನಮ್ಮ ಕೌದಿಗೆ ಅಲಂಕಾರ ಗೊತ್ತಿರಲಿಲ್ಲ, ಹರಿದದ್ದನ್ನು ಮುಚ್ಚುವುದಷ್ಟೇ ಗೊತ್ತಿತ್ತು. ಯಾವ ಗುರುತಿನ ಚೀಟಿಯೂ ಅದಕ್ಕೆ ಬೇಕಾಗಲಿಲ್ಲ, ಸಿಗಲೂ ಇಲ್ಲ.

ಮಾರಲು ಆಗುತ್ತದೆಯೇ ಎಂದು ಕೇಳುವವರಿಗೆ ಪ್ರಾಮಾಣಿಕವಾಗಿ ಹೇಳಬೇಕು. ಆರು ಹಾಸುಗಳಿಗೆ ನನಗೆ ಹದಿನೈದು ಸಂಜೆ ಹಿಡಿಯಿತು. ಭತ್ತದ ನಾಟಿಗೋ ಹತ್ತಿ ಬಿಡಿಸಲೋ ಹೋಗುವ ಹೆಣ್ಣುಮಗಳು ಅಷ್ಟೇ ಹೊತ್ತಿಗೆ ಎಷ್ಟು ಕೂಲಿ ತರುತ್ತಾಳೋ ಅಷ್ಟನ್ನಾದರೂ ಸೇರಿಸಿ ಬೆಲೆ ಕಟ್ಟಿದರೆ ಸಿರುಗುಪ್ಪದ ಸಂತೆಯಲ್ಲಿ ಕೊಳ್ಳುವವರಿಲ್ಲ. ಬೆಂಗಳೂರಿನಲ್ಲಿ ಇರಬಹುದು. 'ಹೆಂಗಸರ ಬಿಡುವಿನ ಕೆಲಸ' ಎಂದು ಬೆಲೆ ಇಳಿಸುವವರ ಜೊತೆ ಮಾತ್ರ ವ್ಯವಹಾರ ಬೇಡ. ಬಿಡುವು ಎಂಬುದು ನಮ್ಮ ಮನೆಗಳಲ್ಲಿ ಯಾರಿಗೂ ಪುಕ್ಕಟೆ ಬಿದ್ದಿಲ್ಲ. ನಾನಂತೂ ಮನೆಗಷ್ಟೇ ಹೊಲಿಯುವವಳು.

ಅರಿಶಿನದ ಕಲೆಯ ಭಯ ಎಲ್ಲರಿಗೂ. ಸೋಪಿಗೆ ಹೋಗದ ಅರಿಶಿನ ಬಿಸಿಲಿಗೆ ಹೋಗುತ್ತದೆ. ಒಗೆದು, ಹಸಿಯಿದ್ದಾಗಲೇ ಮಾಳಿಗೆಯ ಮೇಲೆ ಹರವಿದರೆ ಎರಡು ದಿನಕ್ಕೆ ಹಳದಿ ಕರಗಿ ಮಾಯ. ಆ ಬಿಸಿಲಿಗೆ ನಾವು ಯಾರ ಮುಂದೂ ಕೈಚಾಚಬೇಕಿಲ್ಲ.

ಆರನೆಯ ಹಾಸು ನಡುವಿಗೆ ಬಂದು ನಿಂತ ಸಂಜೆ, ಅಜ್ಜಿಯ ನೆನಪಾಗಿ, "ಅವ್ವಾ, ಅಕ್ಕಿ ಇಡ್ಲೇನು?" ಅಂದೆ. ಅವ್ವ ಸೊಪ್ಪು ಸೋಸುತ್ತ ತಲೆ ಎತ್ತದೆ, "ಇವಕ್ಯಾಕೆ ಅಕ್ಕಿ? ದಿನಾ ಮ್ಯಾಲೇ ಅನ್ನ ಬೀಳ್ತದಲ್ಲ" ಅಂದಳು. ಸರಿ ಎಂದು ಅಷ್ಟಕ್ಕೇ ಬಿಟ್ಟು ನೀರು ತರಲು ಎದ್ದೆ. ತಿರುಗಿ ಬರುವಷ್ಟರಲ್ಲಿ ನಡುವಿನ ತುಂಡು ಮುಚ್ಚಿ ಹೊಲಿದಾಗಿತ್ತು. ಅವಳ ಹೊಲಿಗೆ ನನ್ನದಕ್ಕಿಂತ ಒತ್ತು, ನೋಡಿದರೆ ತಿಳಿಯುತ್ತದೆ. ಈಗ ಊಟಕ್ಕೆ ಕೂತಾಗ ಮಕ್ಕಳು ಆ ಒಂದು ಹಾಸಿಗಾಗಿ ಜಗಳ ಆಡುತ್ತಾರೆ. ತಾಟು ಸರಿಸಿ ನಡುವೆ ಬೆರಳೊತ್ತಿದರೆ ಒಳಗೆ ನಾಲ್ಕು ಕಾಳು ಗಟ್ಟಿಯಾಗಿ ತಾಗುತ್ತವೆ.