ಮಳೆ ಅಲ್ಲಿ, ಮಹಾಪೂರ ಇಲ್ಲಿ

ಪ್ರಶ್ನೆ: ಯಮಕನಮರಡಿ ಕಡೆ ಮಳೆ ಅಷ್ಟಕ್ಕಷ್ಟೆ. ಆದರೂ ಗೋಕಾಕದಲ್ಲಿ ಮಹಾಪೂರ ಏಕೆ? ಮೊದಲೇ ತಿಳಿಯಬಹುದೇ?

ಉತ್ತರ: ನಿಮ್ಮ ಅಂಗಳದ ಮೋಡ ನೋಡಿದರೆ ಸಾಲದು, ಅಂಬೋಲಿ ಘಟ್ಟದ ಮಳೆ ನೋಡಬೇಕು. ಅಲ್ಲಿ ವರ್ಷಕ್ಕೆ ಸುಮಾರು 7,000 ಮಿ.ಮೀ. ಸುರಿಯುತ್ತದೆ, ಗೋಕಾಕದಲ್ಲಿ ಅದರ ಹತ್ತನೇ ಒಂದಂಶವೂ ಇಲ್ಲ. ಘಟ್ಟದ ನೀರನ್ನು ಸಂಕೇಶ್ವರದ ಮೇಲೆ ಹಾಯಿಸಿ ತರುವ ಹಿರಣ್ಯಕೇಶಿ ನದಿ ಘಟಪ್ರಭೆಯನ್ನು ಕೂಡುವುದು ಹಿಡಕಲ್ ಜಲಾಶಯದ ಕೆಳಗೆ. ಹಾಗಾಗಿ 51 ಟಿಎಂಸಿಯ ಅಣೆಕಟ್ಟಿದ್ದರೂ ಹಿರಣ್ಯಕೇಶಿಯ ನೀರಿಗೆ ತಡೆಯಿಲ್ಲ. ಗೋಕಾಕದ ಹತ್ತಿರ ಮಾರ್ಕಂಡೇಯ ನದಿಯೂ ಬಂದು ಸೇರುತ್ತದೆ. 2019ರ ಆಗಸ್ಟ್‌ನಲ್ಲಿ ಮೂರೂ ನದಿಗಳು ಒಟ್ಟಿಗೆ ಉಕ್ಕಿದವು. ಲೋಳಸೂರ ಸೇತುವೆ ಮುಳುಗಿತು, ಪೇಟೆಯೊಳಗೆ ನೀರು ನುಗ್ಗಿತು.

ಘಟ್ಟದ ಮಳೆ, ಹೊಳೆಯ ಮಟ್ಟ, ಜಲಾಶಯದಲ್ಲಿ ಉಳಿದ ಜಾಗ, ನೆಲ ಎಷ್ಟು ನೆನೆದಿದೆ ಎಂಬುದು, ಇವಿಷ್ಟನ್ನು ಕೂಡಿಸಿದರೆ ಪೂರ ಬರುವ ಮುನ್ನ ಕೆಲವು ಗಂಟೆಗಳು ಸಿಗುತ್ತವೆ. ದನ ಬಿಚ್ಚಿ, ಮುದುಕರನ್ನು ಎತ್ತರಕ್ಕೆ ಸಾಗಿಸಲು ಅಷ್ಟು ಸಾಕು.