ದ್ರಾಕ್ಷಿ ತೋಟದ ಕೆಲಸವೂ ಶ್ವಾಸಕೋಶದ ರೋಗಗಳೂ

ವಿಜಯಪುರದ ಸುತ್ತಣ ಎರೆಭೂಮಿಯು ಬಹುಕಾಲದಿಂದ ಬಿಳಿಜೋಳಕ್ಕೆ ಹೆಸರಾದುದು. ಈಚಿನ ದಶಕಗಳಲ್ಲಿ ತಿಕೋಟಾ ಹಾಗೂ ಬಬಲೇಶ್ವರ ಭಾಗಗಳಲ್ಲಿ ಕೊಳವೆ ಬಾವಿಗಳ ನೀರಿನಿಂದಲೂ ಏತ ನೀರಾವರಿಯಿಂದಲೂ ದ್ರಾಕ್ಷಿಯ ತೋಟಗಳು ಹಬ್ಬಿವೆ. ಅವುಗಳ ಬೆನ್ನಿಗೆ ಒಣದ್ರಾಕ್ಷಿಯ ಶೆಡ್ಡುಗಳೂ ಎದ್ದಿವೆ. ಇದರಿಂದ ಒಕ್ಕಲಿಗರ ಕೈಗೆ ಹಣ ಬಂದುದು ನಿಜ. ಆದರೆ ಜೋಳದ ಹೊಲಕ್ಕೆ ಔಷಧ ಹೊಡೆಯುವ ಪ್ರಸಂಗವು ವಿರಳ. ದ್ರಾಕ್ಷಿಯ ತೋಟಕ್ಕಾದರೋ ಅಕ್ಟೋಬರದ ಚಾಟಣಿಯಾದಂದಿನಿಂದ ಕಾಯಿ ಮಾಗುವವರೆಗೆ ಮೇಲಿಂದ ಮೇಲೆ ಸಿಂಪಡಿಸಬೇಕಾಗುವುದು. ಬಳ್ಳಿಯ ರೋಗವನ್ನು ತಡೆಯುವ ಭರದಲ್ಲಿ ಸಿಂಪಡಿಸುವ ಮನುಷ್ಯನ ಎದೆಯನ್ನು ಮರೆಯಲಾಗದು. ಬಳ್ಳಿಗೆ ರೋಗ ತಗಲಿದರೆ ಎಲೆಯ ಮೇಲೆ ಕೆಲವು ದಿನಗಳಲ್ಲಿಯೇ ಕಾಣುತ್ತದೆ. ಎದೆಯೊಳಗೆ ಸೇರಿದ ಕೇಡು ಹತ್ತಿಪ್ಪತ್ತು ವರ್ಷಗಳ ಮೇಲೆ ಕಾಣುತ್ತದೆ. ಆದುದರಿಂದ ಅದನ್ನು ಮೊದಲೇ ತಿಳಿದು ತಡೆಯುವುದು ಜಮೀನುದಾರರಿಗೂ ಊರ ಪ್ರಮುಖರಿಗೂ ಅವಶ್ಯವಾಗಿದೆ.

ಶ್ವಾಸಕೋಶದ ರಚನೆ

ಪುಪ್ಪುಸವೆಂದೂ ಕರೆಯಲ್ಪಡುವ ಶ್ವಾಸಕೋಶಗಳು ಎರಡು. ಬಲಗಡೆಯದರಲ್ಲಿ ಮೂರು ಹಾಲೆಗಳೂ ಎಡಗಡೆಯದರಲ್ಲಿ ಎರಡು ಹಾಲೆಗಳೂ ಇರುತ್ತವೆ. ಗಂಟಲಿನಿಂದ ಇಳಿದ ಉಸಿರುನಾಳವು ಮರದ ಬೊಡ್ಡೆಯಂತೆ ಕವಲೊಡೆದು, ಕೊಂಬೆ ರೆಂಬೆಗಳಾಗಿ, ಕಡೆಗೆ 30 ಕೋಟಿಗೂ ಮೇಲ್ಪಟ್ಟ ಪುಟ್ಟ ಗಾಳಿಗುಳ್ಳೆಗಳಲ್ಲಿ ಮುಗಿಯುತ್ತದೆ. ಈ ಗುಳ್ಳೆಗಳ ಗೋಡೆಯು ಅತ್ಯಂತ ತೆಳುವಾದುದು. ಇದರ ಮೂಲಕವೇ ಪ್ರಾಣವಾಯುವು ರಕ್ತಕ್ಕೆ ಸೇರುವುದು.

ಈ ಮನೆಗೆ ಕಾವಲೂ ಉಂಟು. ದಪ್ಪ ಧೂಳನ್ನು ಮೂಗಿನ ಕೂದಲೂ ಸಿಂಬಳವೂ ಹಿಡಿದಿಡುತ್ತವೆ. ನಾಳಗಳಲ್ಲಿಳಿದ ಧೂಳನ್ನು ಅಲ್ಲಿಯ ಸೂಕ್ಷ್ಮ ರೋಮಗಳು ಕಫದೊಡನೆ ಮೇಲಕ್ಕೆ ದೂಡುತ್ತವೆ. ಆದರೆ ಒಂದು ಮಿಲಿಮೀಟರಿನ ಸಾವಿರದಲ್ಲೈದು ಭಾಗಕ್ಕಿಂತ ಸಣ್ಣದಾದ ಕಣವು ಈ ಕಾವಲನ್ನೆಲ್ಲ ದಾಟಿ ಗಾಳಿಗುಳ್ಳೆಯವರೆಗೆ ಹೋಗಬಲ್ಲುದು. ಅಲ್ಲಿ ಅದನ್ನು ನುಂಗುವುದಕ್ಕಾಗಿ ಭಕ್ಷಕ ಜೀವಕೋಶಗಳಿವೆ. ನುಂಗಿದುದು ಕರಗದ ಪದಾರ್ಥವಾದರೆ ಆ ಕೋಶಗಳೇ ಕೆಟ್ಟು, ಅವುಗಳ ಸುತ್ತ ಬಾವು ಹುಟ್ಟಿ, ಗಾಯ ಮಾಯ್ದಲ್ಲಿ ಉಳಿಯುವ ಕಲೆಯಂಥ ಗಟ್ಟಿ ನಾರು ಬೆಳೆಯುತ್ತದೆ. ಚರ್ಮದ ಮೇಲಿನ ಕಲೆಯಿಂದ ತೊಂದರೆಯಿಲ್ಲ. ಹಿಗ್ಗಿ ಕುಗ್ಗಬೇಕಾದ ಶ್ವಾಸಕೋಶದಲ್ಲಿ ಕಲೆಯಾದ ಭಾಗವು ಉಸಿರಿಗೆ ಒದಗದು. ಹೀಗೆ ಕೆಟ್ಟ ಭಾಗವು ಮರಳಿ ಮೊದಲಿನಂತಾಗುವುದಿಲ್ಲ.

ಧಾನ್ಯವನ್ನು ಜರಡಿ ಹಿಡಿಯುವವರೂ ಅಳೆಯುವವರೂ ಧೂಳಿನಿಂದ ಕೆಮ್ಮು ದಮ್ಮುಗಳಿಗೆ ಗುರಿಯಾಗುವುದನ್ನು ಇಟಲಿಯ ವೈದ್ಯ ರಾಮಝೀನಿಯು 1700ರಷ್ಟು ಹಿಂದೆಯೇ ಬರೆದಿಟ್ಟಿದ್ದನು. ರಾಶಿಯ ಕಣದ ಧೂಳನ್ನು ಕಂಡವರಿಗೆ ಇದು ಹೊಸ ಮಾತಲ್ಲ.

ಸಿಂಪಡಣೆಯಿಂದಾಗುವ ರೋಗ

ಬೂಜು ತುಪ್ಪಟ ರೋಗಕ್ಕೆ ಬಳಸುವ ಬೋರ್ಡೋ ದ್ರಾವಣವು ತೋಟದವರೆಲ್ಲರಿಗೂ ಪರಿಚಿತವಾದುದು. ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು 100 ಲೀಟರ್, ಇದು ಶೇಕಡಾ ಒಂದರ ದ್ರಾವಣ. ಫ್ರಾನ್ಸ್ ದೇಶದ ಮಿಲಾರ್ಡೆ ಪಂಡಿತರು ಇದರ ಗುಣವನ್ನು 1885ರಲ್ಲಿ ಲೋಕಕ್ಕೆ ತಿಳಿಸಿದರು. ಅಂದಿನಿಂದ ದ್ರಾಕ್ಷಿ ಬೆಳೆಯುವ ನಾಡುಗಳಿಗೆಲ್ಲ ಇದು ಆಧಾರವಾಯಿತು.

ಆದರೆ ಪೋರ್ತುಗಾಲದಲ್ಲಿ ಇದೇ ದ್ರಾವಣವನ್ನು ವರ್ಷಗಟ್ಟಲೆ ಬೆನ್ನ ಮೇಲಿನ ಪಂಪಿನಿಂದ ಸಿಂಪಡಿಸಿದ ತೋಟದ ಆಳುಗಳಲ್ಲಿ ಒಂದು ಹೊಸ ರೋಗವು ಕಂಡುಬಂದಿತು. ಪಿಮೆಂಟೆಲ್ ಮತ್ತು ಮಾರ್ಕೆಸ್ ಎಂಬ ವೈದ್ಯರು 1969ರಲ್ಲಿ ಅದನ್ನು ವರ್ಣಿಸಿ, ‘ದ್ರಾಕ್ಷಿ ಸಿಂಪಡಿಸುವವರ ಶ್ವಾಸಕೋಶ ರೋಗ’ವೆಂದು ಹೆಸರಿಟ್ಟರು. ರೋಗಿಗಳ ಶ್ವಾಸಕೋಶದ ಚೂರನ್ನು ಪರೀಕ್ಷಿಸಲಾಗಿ, ಭಕ್ಷಕ ಕೋಶಗಳ ಒಡಲಲ್ಲಿ ತಾಮ್ರದ ಕಣಗಳು ತುಂಬಿದ್ದವು. ಸುತ್ತಲೂ ಸಣ್ಣ ಗಂಟುಗಳೂ ನಾರಿನ ಕಲೆಗಳೂ ಆಗಿದ್ದವು. ಗಿನಿಹಂದಿಗಳಿಗೆ ಈ ದ್ರಾವಣದ ತುಂತುರನ್ನು ಉಸಿರಾಡಿಸಿದಾಗ ಅವುಗಳಲ್ಲಿಯೂ ಅಂಥದೇ ವಿಕಾರಗಳು ಹುಟ್ಟಿದವು. ಇಂಥ ಆಳುಗಳಲ್ಲಿ ಕೆಲವರಿಗೆ ಮುಂದೆ ಶ್ವಾಸಕೋಶದ ಅರ್ಬುದವೂ ಕಂಡುಬಂದಿತು.

ಇದರಿಂದ ಬೋರ್ಡೋ ದ್ರಾವಣವನ್ನು ಬಿಡಬೇಕೆಂದು ತಿಳಿಯಬಾರದು. ಬಳ್ಳಿಯ ಎಲೆಗೆ ಸೇರಬೇಕಾದುದು ಮನುಷ್ಯನ ಉಸಿರಿಗೆ ಸೇರಬಾರದೆಂಬುದೇ ಇದರ ತಾತ್ಪರ್ಯ. ಈಗ ಟ್ರ್ಯಾಕ್ಟರಿಗೆ ಜೋಡಿಸಿದ ಪಂಪುಗಳು ದ್ರಾವಣವನ್ನು ಮಂಜಿನಂತೆ ಹಾರಿಸುತ್ತವೆ. ಹನಿ ಸಣ್ಣದಾದಷ್ಟೂ ಎದೆಯೊಳಗೆ ಆಳವಾಗಿ ಇಳಿಯುವುದೆಂಬುದನ್ನು ನೆನಪಿಡತಕ್ಕದ್ದು.

ಗಂಧಕದ ಹೊಗೆ ಮತ್ತು ಕಳೆನಾಶಕ

ಒಣದ್ರಾಕ್ಷಿಗೆ ಹೊಂಬಣ್ಣ ಬರಲೆಂದು ಶೆಡ್ಡಿನಲ್ಲಿ ಗಂಧಕವನ್ನು ಸುಡುವುದುಂಟು. ಆ ಹೊಗೆಯು ಉಸಿರುನಾಳದ ತೇವದೊಡನೆ ಕೂಡಿದಾಗ ಆಮ್ಲವಾಗುತ್ತದೆ. ಆಗ ನಾಳಗಳು ಬಿಗಿದುಕೊಂಡು ಕೆಮ್ಮು, ಎದೆಯುರಿ, ಉಬ್ಬಸಗಳು ಉಂಟಾಗುತ್ತವೆ. ದಮ್ಮಿನ ರೋಗವಿದ್ದವರಿಗೆ ಸ್ವಲ್ಪ ಹೊಗೆಯೂ ಪ್ರಾಣಸಂಕಟವಾಗಬಹುದು. ಈ ಹೊಗೆಯು ಗಾಳಿಗಿಂತ ಎರಡು ಪಾಲಿಗೂ ಮಿಕ್ಕಿ ಭಾರವಾದುದರಿಂದ ಕೆಳಗೇ ನಿಲ್ಲುತ್ತದೆ. ನೆಲದ ಮೇಲೆ ಕುಳಿತು ಕಾಯಿ ಆರಿಸುವ ಹೆಂಗಸರಿಗೂ ಜೊತೆಗೆ ಬಂದ ಮಕ್ಕಳಿಗೂ ಮೊದಲು ತಗಲುವುದು.

ಪ್ಯಾರಾಕ್ವಾಟ್ ಎಂಬ ಕಳೆನಾಶಕದ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಇದು ಹೊಟ್ಟೆಗೆ ಸೇರಿದರೂ ಶ್ವಾಸಕೋಶವನ್ನೇ ಹುಡುಕಿಕೊಂಡು ಹೋಗಿ ಅಲ್ಲಿ ಶೇಖರವಾಗುತ್ತದೆ. ಕೆಲವು ದಿನ ವಾರಗಳಲ್ಲಿ ಇಡೀ ಶ್ವಾಸಕೋಶವು ನಾರಾಗಿ ಉಸಿರು ಕಟ್ಟುತ್ತದೆ. ಇದಕ್ಕೆ ಪ್ರತಿವಿಷವಿಲ್ಲ. ಒಂದು ಗುಟುಕೂ ಮಾರಕವಾಗಬಹುದು.

ಬೂಸು ಹಿಡಿದ ಮೇವು

ಹಸಿಯಿದ್ದಾಗಲೇ ಒಟ್ಟಿದ ಕಣಕಿಯ ಬಣವಿಯು ಒಳಗೆ ಕಾವೇರಿ ಬೂಸು ಹಿಡಿಯುತ್ತದೆ. ಅದನ್ನು ಕಿತ್ತಾಗ ಏಳುವ ಬೂದುಬಣ್ಣದ ಧೂಳಿನಲ್ಲಿ ಕೋಟ್ಯಂತರ ಸೂಕ್ಷ್ಮ ಬೀಜಗಳಿರುತ್ತವೆ. ಇಂಥ ಮೇವಿನಿಂದಾಗುವ ರೋಗವನ್ನು ಇಂಗ್ಲಂಡದಲ್ಲಿ ಕ್ಯಾಂಬೆಲ್ ಎಂಬ ವೈದ್ಯರು 1932ರಲ್ಲಿ ವರ್ಣಿಸಿದರು. ಇದಕ್ಕೆ ‘ಒಕ್ಕಲಿಗರ ಶ್ವಾಸಕೋಶ ರೋಗ’ವೆಂದು ಹೆಸರು. ಮುಂಜಾನೆ ಬಣವಿ ಕಿತ್ತವನಿಗೆ ನಾಲ್ಕರಿಂದ ಎಂಟು ತಾಸಿನೊಳಗೆ ಚಳಿ, ಜ್ವರ, ಒಣಕೆಮ್ಮು, ಏದುಸಿರು ಬರುತ್ತವೆ. ಒಂದೆರಡು ದಿನಗಳಲ್ಲಿ ಇಳಿಯುತ್ತವೆ. ಸಾಧಾರಣ ಜ್ವರವೆಂದು ಬಿಟ್ಟು, ಮತ್ತೆ ಮತ್ತೆ ಅದೇ ಧೂಳನ್ನು ಕುಡಿದರೆ ಕೊನೆಗೆ ಶ್ವಾಸಕೋಶದಲ್ಲಿ ಶಾಶ್ವತ ಕಲೆಯಾಗುವುದು. ಹತ್ತಿಯ ಜಿನ್ನುಗಳ ಧೂಳಿನಿಂದಾಗುವ ಎದೆಬಿಗಿತವೂ ಇದೇ ಕುಲದ್ದು. ಅದು ವಾರದ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನವೇ ಹೆಚ್ಚಾಗಿ ಕಾಡುತ್ತದೆ.

ಶ್ವಾಸಕೋಶದ ಗಡ್ಡೆಗಳು

ಗಡ್ಡೆಗಳು ಎರಡು ಬಗೆ. ಸೌಮ್ಯವಾದವು ಹುಟ್ಟಿದಲ್ಲಿಯೇ ನಿಧಾನವಾಗಿ ಬೆಳೆಯುತ್ತವೆ. ಅರ್ಬುದವಾದರೋ ಹೊಲದ ಕರಿಕೆಯಂತೆ ಬದು ಮೀರಿ ಹಬ್ಬಿ, ರಕ್ತದ ಮೂಲಕವೂ ದುಗ್ಧರಸದ ಮೂಲಕವೂ ಮೆದುಳು, ಎಲುಬು, ಯಕೃತ್ತುಗಳಿಗೆ ಹರಡುತ್ತದೆ. ಉಸಿರುನಾಳದ ಒಳಪದರದ ಜೀವಕೋಶಗಳು ವಿಷದ್ರವ್ಯದಿಂದ ಮೇಲಿಂದ ಮೇಲೆ ಕೆಡುವಾಗ, ಅವುಗಳ ಬೆಳವಣಿಗೆಯನ್ನು ಹತೋಟಿಯಲ್ಲಿಡುವ ವಂಶವಾಹಿಗಳು ಒಂದೊಂದಾಗಿ ವಿಕಾರಗೊಳ್ಳುತ್ತವೆ. ಕಡಿವಾಣ ಕಳಚಿದ ಕೋಶವು ಒಂದು ಎರಡಾಗಿ, ಎರಡು ನಾಲ್ಕಾಗಿ ಗಡ್ಡೆಯಾಗುವುದು. ಇದಕ್ಕೆ ಹಲವು ವರ್ಷಗಳು ಹಿಡಿಯುತ್ತವೆ.

ಕಾರಣಗಳಲ್ಲಿ ತಂಬಾಕಿನ ಹೊಗೆಯೇ ಅಗ್ರಗಣ್ಯವಾದುದು. 1950ರಲ್ಲಿ ಇಂಗ್ಲಂಡದ ಡಾಲ್ ಮತ್ತು ಹಿಲ್ ಎಂಬವರು ಇದನ್ನು ಲೆಕ್ಕಪೂರ್ವಕವಾಗಿ ತೋರಿಸಿದರು. ಸಿಗರೇಟು ಸಿರಿವಂತರದು, ಬೀಡಿಯಿಂದ ಕೇಡಿಲ್ಲ ಎಂಬ ನಂಬಿಕೆ ತಪ್ಪು. ಬೀಡಿಯೂ ಅಷ್ಟೇ ಕೆಟ್ಟದ್ದು. ಬೀಡಿ ಮುಟ್ಟದ ಹೆಂಗಸರಿಗೂ ಈ ರೋಗ ಬರುವುದುಂಟು. ಗಾಳಿಯಾಡದ ಅಡಿಗೆಮನೆಯ ಒಲೆಯ ಹೊಗೆ ಅದಕ್ಕೆ ಒಂದು ಕಾರಣ.

ತೋಟದವರು ತಿಳಿಯಬೇಕಾದ ದೃಷ್ಟಾಂತವು ಜರ್ಮನಿಯದು. ಮೋಸೆಲ್ ನದಿಯ ಕಣಿವೆಯಲ್ಲಿ ದ್ರಾಕ್ಷಿಯ ಕೀಟಗಳಿಗೆ ಪಾಷಾಣದ ಸಂಯುಕ್ತಗಳನ್ನು ಸಿಂಪಡಿಸುತ್ತಿದ್ದರು. 1942ರಲ್ಲಿ ಅವನ್ನು ನಿಷೇಧಿಸಲಾಯಿತು. ಆದರೆ ಅದಕ್ಕೆ ಮೊದಲು ಸಿಂಪಡಿಸಿದ ತೋಟಿಗರಲ್ಲಿ, ನಿಷೇಧವಾಗಿ ಹಲವು ವರ್ಷಗಳು ಕಳೆದ ಮೇಲೆಯೂ ಶ್ವಾಸಕೋಶದ ಅರ್ಬುದಗಳು ಕಾಣುತ್ತಲೇ ಹೋದವು. ವಿಷ ನಿಂತರೂ ಅದರ ಫಲ ನಿಲ್ಲಲಿಲ್ಲ.

ಕ್ಷಯವೆಂದು ಭ್ರಮಿಸುವುದು

ಕೆಮ್ಮು, ಕಫದಲ್ಲಿ ರಕ್ತ, ಮೈ ಇಳಿಯುವುದು, ಹಸಿವಿಲ್ಲದಿರುವುದು: ಇವು ಕ್ಷಯದ ಲಕ್ಷಣಗಳೂ ಹೌದು, ಅರ್ಬುದದ ಲಕ್ಷಣಗಳೂ ಹೌದು. ನಮ್ಮ ದೇಶದಲ್ಲಿ ಕ್ಷಯವು ಹೆಚ್ಚಾದುದರಿಂದ ಎದೆಯ ಕ್ಷ-ಕಿರಣ ಚಿತ್ರದಲ್ಲಿ ಮಚ್ಚೆ ಕಂಡೊಡನೆ ಕ್ಷಯವೆಂದು ಬಗೆದು, ಕಫದಲ್ಲಿ ಕ್ರಿಮಿ ಸಿಕ್ಕದಿದ್ದರೂ ತಿಂಗಳುಗಟ್ಟಲೆ ಅದರ ಔಷಧ ಕೊಡುವುದುಂಟು. ಅಷ್ಟರಲ್ಲಿ ಶಸ್ತ್ರಕ್ರಿಯೆಯಿಂದ ತೆಗೆಯಬಹುದಾಗಿದ್ದ ಗಡ್ಡೆಯು ಕೈಮೀರಿ ಹಬ್ಬಿಬಿಡುತ್ತದೆ. ಆದುದರಿಂದ ಔಷಧ ನಡೆದಾಗಲೂ ರೋಗಿಯು ಇಳಿಮುಖನಾಗುತ್ತಿದ್ದರೆ, ಧ್ವನಿ ಒಡೆದರೆ, ಎಲುಬು ನೋಯುತ್ತಿದ್ದರೆ, ಸಿ.ಟಿ. ಚಿತ್ರವನ್ನೂ ಸೂಜಿಯಿಂದ ತೆಗೆದ ಚೂರಿನ ಪರೀಕ್ಷೆಯನ್ನೂ ಮಾಡಿಸಬೇಕೆಂದು ವೈದ್ಯರನ್ನು ಕೇಳತಕ್ಕದ್ದು. ಸೂಕ್ಷ್ಮದರ್ಶಕದಲ್ಲಿ ನೋಡದ ಹೊರತು ಗಡ್ಡೆಯ ಜಾತಿಯು ತಿಳಿಯದು. ಜಾತಿ ತಿಳಿಯದ ಹೊರತು ಚಿಕಿತ್ಸೆಯು ನಿಶ್ಚಯವಾಗದು.

ಕ್ಷಯವೇ ಆಗಿದ್ದರೆ ಅಂಜಬೇಕಾದುದಿಲ್ಲ. ಸಾಮಾನ್ಯವಾಗಿ ಆರು ತಿಂಗಳು ತಪ್ಪದೆ ಔಷಧ ತೆಗೆದುಕೊಂಡರೆ ಅದು ಗುಣವಾಗುತ್ತದೆ. ಸರಕಾರಿ ದವಾಖಾನೆಗಳಲ್ಲಿ ಪರೀಕ್ಷೆಯೂ ಔಷಧವೂ ಉಚಿತ. ರೋಗಿಯ ಪೌಷ್ಟಿಕ ಆಹಾರಕ್ಕೆ ಕೊಡುವ ತಿಂಗಳ ನೆರವನ್ನು 2024ರ ನವೆಂಬರದಿಂದ 1000 ರೂಪಾಯಿಗೆ ಏರಿಸಲಾಗಿದೆ.

ಊರ ಪ್ರಮುಖರೂ ಜಮೀನುದಾರರೂ ಮಾಡತಕ್ಕವು

1. ಸಿಂಪಡಿಸುವ ಆಳಿಗೆ ಮುಖಕವಚ, ಕನ್ನಡಕ, ಕೈಚೀಲಗಳನ್ನು ತೋಟದ ಯಜಮಾನನೇ ಒದಗಿಸತಕ್ಕದ್ದು. 1971ರ ಕೀಟನಾಶಕ ನಿಯಮಗಳಲ್ಲಿಯೂ ರಕ್ಷಣೆಯ ಉಡುಪನ್ನೂ ಉಸಿರಿನ ಕವಚವನ್ನೂ ವಿಧಿಸಲಾಯಿತು. ಮುಖಕ್ಕೆ ಸುತ್ತಿದ ಟವೆಲ್ಲು ಸೂಕ್ಷ್ಮ ಕಣವನ್ನು ತಡೆಯದು. ಧೂಳಿಗೆ ಎನ್-95 ಬಗೆಯದೂ, ವಿಷದ ಆವಿಗೆ ಇದ್ದಲಿನ ಡಬ್ಬಿಯುಳ್ಳದೂ ಬೇಕು.

2. ಗಾಳಿಯು ಜೋರಾಗಿರುವಾಗ ಸಿಂಪಡಿಸಬಾರದು. ಗಾಳಿಗೆ ಎದುರಾಗಿ ನಡೆಯಬಾರದು. ಕೆಲಸ ಮುಗಿದ ಮೇಲೆ ಸ್ನಾನ ಮಾಡಿ ಬಟ್ಟೆ ಬದಲಿಸಿಯೇ ಉಣ್ಣತಕ್ಕದ್ದು. ಒಬ್ಬನೇ ಆಳನ್ನು ಹಂಗಾಮು ಪೂರ್ತಿ ಇದೊಂದೇ ಕೆಲಸಕ್ಕೆ ಹಚ್ಚದೆ ಸರದಿ ಇಡುವುದು ಮೇಲು.

3. ಗಂಧಕ ಹೊತ್ತಿಸಿದವನು ಕೂಡಲೇ ಹೊರಬರಬೇಕು. ಶೆಡ್ಡಿನ ಎರಡೂ ಬದಿ ತೆರೆದು, ಹೊಗೆ ಪೂರಾ ಹೋದ ಮೇಲೆಯೇ ಜನರನ್ನು ಒಳಗೆ ಬಿಡತಕ್ಕದ್ದು. ಮಕ್ಕಳನ್ನೂ ದಮ್ಮಿನವರನ್ನೂ ಹತ್ತಿರ ಸೇರಿಸಕೂಡದು.

4. ಕಣಕಿಯನ್ನು ಚೆನ್ನಾಗಿ ಒಣಗಿಸಿ, ನೆಲದಿಂದ ಎತ್ತರದಲ್ಲಿ ಒಟ್ಟಬೇಕು. ಬೂಸು ಹಿಡಿದುದನ್ನು ಬಯಲಿನಲ್ಲಿ ನೀರು ಚಿಮುಕಿಸಿ, ಗಾಳಿಗೆ ಬೆನ್ನು ಕೊಟ್ಟು ಕೀಳಬೇಕು.

5. ಕಳೆನಾಶಕವನ್ನು ಬೀಗದಲ್ಲಿಡಬೇಕು; ಕುಡಿಯುವ ಬಾಟಲಿಗಳಿಗೆ ಎಂದೂ ಸುರಿಯಬಾರದು.

6. ಎರಡು ವಾರ ಮೀರಿದ ಕೆಮ್ಮುಳ್ಳವರನ್ನು ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ, ಅಲ್ಲಿಂದ ಅವಶ್ಯವಾದರೆ ವಿಜಯಪುರದ ಜಿಲ್ಲಾ ಆಸ್ಪತ್ರೆಗೂ ಕಳುಹಿಸತಕ್ಕದ್ದು. ಅರ್ಬುದವೆಂದು ತಿಳಿದವರಿಗೆ ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಸಂಸ್ಥೆಯಲ್ಲಿಯೂ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿಯೂ ಚಿಕಿತ್ಸೆಯುಂಟು. ವೈದ್ಯರು ಕೇಳಿದಾಗ ರೋಗಿಯು ತಾನು ಎಷ್ಟು ವರ್ಷ, ಯಾವ ಔಷಧ ಸಿಂಪಡಿಸಿದನೆಂಬುದನ್ನು ಮರೆಯದೆ ಹೇಳಬೇಕು. ಇದನ್ನು ತೋಟದ ವಹಿಯಲ್ಲಿ ಬರೆದಿಡುವುದು ಯಜಮಾನನ ಕೆಲಸ.

ಒಂದು ಮುಖಕವಚದ ಬೆಲೆಯು ಒಂದು ದಿನದ ಕೂಲಿಗಿಂತ ಹೆಚ್ಚಿನದಲ್ಲ. ಕೆಟ್ಟ ಬಳ್ಳಿಯನ್ನು ಕಿತ್ತು ಬೇರೆ ನೆಡಬಹುದು. ಕೆಟ್ಟ ಶ್ವಾಸಕೋಶಕ್ಕೆ ಆ ಉಪಾಯವಿಲ್ಲ. ಬರುವ ಚಾಟಣಿಗೆ ಮೈಲುತುತ್ತ, ಗಂಧಕಗಳನ್ನು ಕೊಳ್ಳುವ ದಿನವೇ ಆಳುಗಳ ಸಂಖ್ಯೆಗೆ ತಕ್ಕಷ್ಟು ಕವಚಗಳನ್ನೂ ಕೊಂಡು ತರುವುದು ಪ್ರತಿಯೊಬ್ಬ ತೋಟಿಗನ ಕರ್ತವ್ಯವಾಗಿದೆ.